ಫಿರೋಜ್‌ಶಾ ಮೆಹ್ತಾ ರಸ್ತೆಯ ಟ್ಯಾಕ್ಸಿಗಳು

1989ರ ಮಳೆಗಾಲದ ಒಂದು ಬೆಳಿಗ್ಗೆ, ಡೊಂಬಿವಲಿಯಿಂದ ವಿ.ಟಿ.ಗೆ, ಅಂದರೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿಗೆ, ಹೋಗುವ ಫಾಸ್ಟ್ ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ಮೇಲಿನ ಹಿಡಿ ಎಂದು ಜೋತುಕೊಂಡು ನಿಂತಿದ್ದಾಗ, ಯಾರದೋ ಡಬ್ಬಿಯ ಚೀಲ ನನ್ನ ಸೊಂಟದಲ್ಲಿದ್ದ ವಾಕ್‌ಮನ್ನಿಗೆ ತಾಗಿತು. ಕಿವಿಯಲ್ಲಿ ಡೀಪ್ ಪರ್ಪಲ್ ಎಂಬ ರಾಕ್ ಬ್ಯಾಂಡು ಮೊಳಗುತ್ತಿತ್ತು. ಚೀಲ ತಾಗಿದ್ದೇ ತಡ, ಹಾಡುಗಾರ ಮಾಯವಾದ. ಅವನ ಬೆನ್ನಿಗೇ ಬೇಸ್ ಗಿಟಾರೂ ಹೋಯಿತು. ಡ್ರಮ್ಮಿನ ಎದೆಗೆ ಬಡಿಯುವ ಪೆಟ್ಟು ಇಳಿದು ತಗಡಿನ ಚಿರಿಚಿರಿ ಸದ್ದಷ್ಟೇ ಉಳಿಯಿತು. ಆರ್ಗನ್ನು ಮತ್ತು ಗಿಟಾರುಗಳು ಮಾತ್ರ ಹಿಂದೆಂದೂ ಕೇಳಿರದಷ್ಟು ಬಿಡಿಬಿಡಿಯಾಗಿ ಮುಂದೆ ಬಂದು ನಿಂತವು. ಹಾಡುಗಾರ ಪೂರ್ತಿಯಾಗಿಯೂ ಹೋಗಿರಲಿಲ್ಲ. ಬಾವಿಯ ತಳದಲ್ಲಿ ನಿಂತು ಕೂಗಿದವನಂತೆ ಅವನ ಧ್ವನಿಯ ಮಾರ್ದನಿ ಒಂದೇ ಕೇಳುತ್ತಿತ್ತು. ಗಾಡಿ ಪಾರ್ಸಿಕ್ ಸುರಂಗವನ್ನು ಹೊಕ್ಕು ಎಲ್ಲ ಸದ್ದನ್ನೂ ನುಂಗಿಕೊಂಡಿತು; ಠಾಣೆಯ ಬೆಳಕಿಗೆ ಬಂದ ಮೇಲೂ ಹಾಡು ಹಾಗೆಯೇ ಇತ್ತು. ನೋಡಿದರೆ ಇಯರ್‌ಫೋನಿನ ಪಿನ್ನು ಅರ್ಧ ಹೊರಗೆ ಬಂದಿತ್ತು. ಒಳಗೆ ತಳ್ಳಿದೆ, ಹಾಡುಗಾರ ಮರಳಿದ. ಎಳೆದೆ, ಹೊರಟುಹೋದ. ದಾದರಿನಲ್ಲಿ ಇಳಿದು ಕಾಲೇಜಿಗೆ ಹೋಗಬೇಕಾಗಿದ್ದವನು ಈ ಆಟದಲ್ಲಿ ಮುಳುಗಿ ಬೈಕುಲಾದವರೆಗೆ ಹೋದೆ.

ಆ ಪಿನ್ನಿನ ಗುಟ್ಟು ತೀರ ಸರಳವಾದದ್ದು. ಅದರ ತುದಿ ಎಡಗಿವಿಗೆ, ನಡುವಿನ ಬಳೆ ಬಲಗಿವಿಗೆ, ಬುಡದ ಭಾಗ ಎರಡಕ್ಕೂ ಸೇರಿದ ಸಾಮಾನ್ಯ ತಂತಿಗೆ. ಪಿನ್ನು ಜಾರಿ ಬುಡದ ಸಂಪರ್ಕ ತಪ್ಪಿದರೆ ಎರಡು ಕಿವಿಗಳೂ ಒಂದರ ಹಿಂದೊಂದು ಪೋಣಿಸಿದಂತಾಗಿ, ಎಡಭಾಗದಿಂದ ಬಲಭಾಗವನ್ನು ಕಳೆದರೆ ಏನು ಉಳಿಯುತ್ತದೆಯೋ ಅದಷ್ಟೇ ಕೇಳಿಸುತ್ತದೆ. ಎಪ್ಪತ್ತರ ದಶಕದ ಬಹುಪಾಲು ರಾಕ್ ಧ್ವನಿಮುದ್ರಣಗಳಲ್ಲಿ ಹಾಡುಗಾರನನ್ನೂ ಬೇಸನ್ನೂ ದೊಡ್ಡ ಡ್ರಮ್ಮನ್ನೂ ನಟ್ಟನಡುವೆ, ಅಂದರೆ ಎರಡು ಕಡೆಗೂ ಸಮಸಮವಾಗಿ ಇಟ್ಟಿರುವುದರಿಂದ ಕಳೆದಾಗ ಅವು ಸೊನ್ನೆಯಾಗುತ್ತವೆ. ಬದಿಗಳಲ್ಲಿ ಇಟ್ಟದ್ದೂ ಎರಡು ಬದಿಗೆ ಬೇರೆಬೇರೆಯಾಗಿ ಹರಡಿದ ಮಾರ್ದನಿಯೂ ಉಳಿಯುತ್ತವೆ. ಈ ಲೆಕ್ಕ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ತಿಳಿದದ್ದು ಇಷ್ಟೇ: ನಾನು ಒಂದೇ ಎಂದುಕೊಂಡಿದ್ದ ಹಾಡು ಹಲವು ಪದರಗಳಿಂದ ಆದದ್ದು, ಯಾರೋ ಕುಳಿತು ಯಾವುದನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದ್ದಾರೆ, ಮತ್ತು ಆ ತೀರ್ಮಾನವನ್ನು ಬಿಚ್ಚಿ ನೋಡಲು ಬರುತ್ತದೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂಬಯಿಯಲ್ಲಿ ರಿಮಿಕ್ಸ್ ಎಂದರೆ ಹಳೆಯ ಹಿಂದಿ ಹಾಡಿಗೆ ಹೊಸ ಬಡಿತ ಸೇರಿಸಿ ಮದುವೆ ಹಾಲಿನಲ್ಲಿ ಕುಣಿಯುವಂತೆ ಮಾಡುವುದು ಎಂದೇ ಅರ್ಥ. ನಾನು ಹೇಳಹೊರಟಿರುವುದು ಅದನ್ನಲ್ಲ. ಹಳೆಯ ಬ್ಯಾಂಡುಗಳ ಧ್ವನಿಮುದ್ರಣಕ್ಕೆ ಹೊಸದಾಗಿ ಏನನ್ನೂ ಸೇರಿಸದೆ, ಅದರೊಳಗೇ ಇರುವುದನ್ನು ಮತ್ತೆ ತೂಗಿ, ಮತ್ತೆ ಜೋಡಿಸಿ, ಹಾಗೆ ಜೋಡಿಸಿದ್ದು ಸರಿಯೋ ತಪ್ಪೋ ಎಂದು ಗಂಟೆಗಟ್ಟಲೆ ಜಗಳವಾಡುವ ಅಭಿಮಾನಿಗಳ ಕೆಲಸವನ್ನು ಕುರಿತು ಹೇಳುತ್ತಿದ್ದೇನೆ. ನಾನೂ ಅವರಲ್ಲಿ ಒಬ್ಬ. ನಾವು ನಾಲ್ವರಿದ್ದೇವೆ, ತಿಂಗಳಿಗೊಂದು ಭಾನುವಾರ ಮಾಟುಂಗದಲ್ಲಿ ಇಡ್ಲಿ ತಿಂದು, ಕಿಂಗ್ಸ್ ಸರ್ಕಲ್ಲಿನ ಹತ್ತಿರದ ಒಂದು ಕೋಣೆಯಲ್ಲಿ ಸಂಜೆಯವರೆಗೆ ಕೂರುತ್ತೇವೆ. ಒಬ್ಬರು ಮೈಸೂರು ಕಡೆಯ ನಿವೃತ್ತ ಕನ್ನಡ ಅಧ್ಯಾಪಕರು, ನಮಗೆ ಮೇಷ್ಟ್ರು. ಇನ್ನೊಬ್ಬ ಧಾರವಾಡದವನು, ಅಂಧೇರಿಯ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಧ್ವನಿಯ ಕೆಲಸ ಮಾಡುವವನು. ಮೂರನೆಯವನು ಇಲ್ಲಿಯೇ ಹುಟ್ಟಿ, ಮರಾಠಿ ಬೆರೆತ ಕನ್ನಡ ಆಡುವ ಸಾಫ್ಟ್‌ವೇರ್ ಹುಡುಗ. ನಾಲ್ಕನೆಯವನು ನಾನು, ಕುಂದಾಪುರ ಬಿಟ್ಟು ಮುಂಬಯಿ ಸೇರಿದ ಮನೆತನದವನು. ನಾವು ಮಾಡಿದ್ದು ಆ ಕೋಣೆಯ ಬಾಗಿಲು ದಾಟುವುದಿಲ್ಲ, ದಾಟಬೇಕೆಂಬ ಆಸೆಯೂ ಇಲ್ಲ.

ನಮ್ಮ ಜಗಳಗಳಿಗೆ ಒಂದು ಶಾಸ್ತ್ರವಿದೆ ಎಂದು ತೋರಿಸಿಕೊಟ್ಟವರು ಮೇಷ್ಟ್ರು, ಅದಕ್ಕೆ ಕಾರಣವಾದದ್ದು ನನ್ನ ಒಂದು ಪೆದ್ದುತನ. ತೊಂಬತ್ತರ ದಶಕದಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಬೀಟಲ್ಸರ 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಮೋನೋ ಎಲ್‌ಪಿ ನನಗೆ ಸಿಕ್ಕಿತು. ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆ, ಮೂಲೆಯಲ್ಲಿ ಯಾರದೋ ಮಗಳ ಹುಟ್ಟುಹಬ್ಬದ ಶುಭಾಶಯ ಬರೆದಿತ್ತು. ಮನೆಗೆ ತಂದು ಹಾಕಿದರೆ 'ಶೀಸ್ ಲೀವಿಂಗ್ ಹೋಮ್' ಎಂಬ ಹಾಡು ನನ್ನ ಸಿ.ಡಿ.ಯಲ್ಲಿ ಇದ್ದುದಕ್ಕಿಂತ ಚುರುಕಾಗಿಯೂ ಸುಮಾರು ಅರ್ಧ ಸ್ವರದಷ್ಟು ಮೇಲೆಯೂ ಓಡುತ್ತಿತ್ತು. ರೆಕಾರ್ಡ್ ಪ್ಲೇಯರಿನ ಬೆಲ್ಟು ಕೆಟ್ಟಿದೆಯೆಂದು ಬಗೆದು ರಿಪೇರಿಯವನ ಬಳಿ ಹೊತ್ತುಕೊಂಡು ಹೋದೆ. ಅವನು ಅದನ್ನು ತಿರುಗಿಸಿ ನೋಡಿ, ವೇಗ ಸರಿಯಾಗಿಯೇ ಇದೆ ಎಂದು ಹೇಳಿ, ಆದರೂ ನೂರು ರೂಪಾಯಿ ತೆಗೆದುಕೊಂಡ. ಅವನು ಹೇಳಿದ್ದು ನಿಜವಾಗಿತ್ತು. ಆ ಹಾಡಿನ ಮೋನೋ ಮಿಕ್ಸೇ, ಅಂದರೆ ಪದರಗಳನ್ನೆಲ್ಲ ಬೆರೆಸಿ ಎರಡು ಕಿವಿಗೂ ಒಂದೇ ಧ್ವನಿ ಬರುವಂತೆ ಮಾಡಿದ ರೂಪವೇ, ವೇಗವಾಗಿದೆ; ನಿಧಾನವಾಗಿರುವುದು ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಹಂಚಿದ ಸ್ಟೀರಿಯೋ. ಬಹಳ ವರ್ಷ ಸಿ.ಡಿ.ಯಲ್ಲಿ ಸ್ಟೀರಿಯೋ ಒಂದೇ ಸಿಗುತ್ತಿದ್ದುದರಿಂದ ಅದೇ ಮೂಲವೆಂದು ನಾನು ನಂಬಿಬಿಟ್ಟಿದ್ದೆ. ಬೀಟಲ್ಸರ ಮೋನೋ ಮಿಕ್ಸುಗಳು ಪೆಟ್ಟಿಗೆಯಾಗಿ ಸಿ.ಡಿ.ಯಲ್ಲಿ ಬಂದದ್ದು 2009ರ ಸೆಪ್ಟೆಂಬರಿನಲ್ಲಿ.

ಅರವತ್ತರ ದಶಕದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲಿದ್ದದ್ದು ಮೋನೋ ಯಂತ್ರ. ಆದ್ದರಿಂದ ಬ್ಯಾಂಡಿನವರು ಕುಳಿತು ತಲೆಕೆಡಿಸಿಕೊಂಡು ಒಪ್ಪಿಗೆ ಕೊಟ್ಟದ್ದು ಮೋನೋ ಮಿಕ್ಸಿಗೆ. ಸ್ಟೀರಿಯೋ ಮಿಕ್ಸನ್ನು ಹೆಚ್ಚಾಗಿ ಸ್ಟುಡಿಯೋದವರು ಆಮೇಲೆ ಬೇಗಬೇಗ ಮುಗಿಸಿದರು. 'ಹೆಲ್ಟರ್ ಸ್ಕೆಲ್ಟರ್' ಹಾಡಿನ ಕೊನೆಯಲ್ಲಿ ಡ್ರಮ್ಮು ನುಡಿಸುವ ರಿಂಗೋ ಸ್ಟಾರ್ ತನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿದೆಯೆಂದು ಕಿರುಚುವುದು ಸ್ಟೀರಿಯೋದಲ್ಲಿದೆ, ಮೋನೋದಲ್ಲಿಲ್ಲ. ಇವನ್ನೆಲ್ಲ ನಾನು ಒಂದು ಭಾನುವಾರ ಉತ್ಸಾಹದಿಂದ ಹೇಳಿ, ಯಾವುದು ನಿಜವಾದ ಹಾಡು ಎಂದು ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಅಲ್ಲಾ ಸ್ವಾಮಿ, ಇದು ಪಾಠಾಂತರ ತಾನೆ? ಇದಕ್ಕೆ ನೀವು ಇಷ್ಟು ವರ್ಷ ಒದ್ದಾಡಿದ್ದೀರಲ್ಲ!" ಎಂದರು.

ನನ್ನ ತಂದೆ ಊರಿನಿಂದ ತಂದಿದ್ದ ಗದುಗಿನ ಭಾರತದ ಪುಟಗಳ ಅಡಿಯಲ್ಲಿ ಇರುವೆಸಾಲಿನಂತೆ ಸಣ್ಣಕ್ಷರದ ಟಿಪ್ಪಣಿಗಳಿದ್ದವು. ಈ ಓಲೆಯಲ್ಲಿ ಹೀಗಿದೆ, ಆ ಓಲೆಯಲ್ಲಿ ಹಾಗಿದೆ ಎಂದು. ಓಲೆಗರಿಯನ್ನು ನೋಡಿ ನಕಲು ಮಾಡುತ್ತಿದ್ದ ಲಿಪಿಕಾರನ ಕೈ ತಪ್ಪುತ್ತಿತ್ತು, ಕೆಲವೊಮ್ಮೆ ಅವನ ಜಾಣತನವೂ ನುಸುಳುತ್ತಿತ್ತು. ಮೂಲ ಕಳೆದುಹೋಗಿ ಪ್ರತಿಗಳಷ್ಟೇ ಉಳಿದಾಗ ಸಂಪಾದಕರು ಅವನ್ನು ಒಟ್ಟಿಗಿಟ್ಟು, ಒಂದನ್ನು ಮೇಲೆ ಇಟ್ಟು, ಉಳಿದವನ್ನು ಅಡಿಟಿಪ್ಪಣಿಗೆ ಇಳಿಸುತ್ತಾರೆ. ಯಾವುದನ್ನೂ ಎಸೆಯುವುದಿಲ್ಲ. ಅಂದಿನಿಂದ ನಮ್ಮ ಕೋಣೆಯಲ್ಲಿ ಮಾಸ್ಟರ್ ಟೇಪಿಗೆ ಮಾತೃಕೆ ಎಂಬ ಹೆಸರೇ ಬಿದ್ದಿದೆ. ಇದು ತಮಾಷೆಗೆ ಹುಟ್ಟಿದ ಹೆಸರಾದರೂ ನನ್ನ ಮಟ್ಟಿಗೆ ಒಂದು ದಾರಿಯನ್ನು ತೋರಿಸಿತು. ಅಭಿಮಾನಿಯ ರಿಮಿಕ್ಸು ಹಾಡನ್ನು ಉತ್ತಮಪಡಿಸುವುದಕ್ಕೆ ಇರುವುದಲ್ಲ. ಅದೊಂದು ಓದು, ಒಂದು ಪಾಠಾಂತರ, ಮತ್ತು ಪಾಠಾಂತರವನ್ನು ಕೊಡುವವನು ತಾನು ಎಲ್ಲಿ ಕೈಹಾಕಿದೆ ಎಂಬುದನ್ನು ಬರೆದಿಡಲು ಬದ್ಧ. ನಾನು ಕೇಳಿರುವ ರಿಮಿಕ್ಸುಗಳ ಮೇಲಿನ ನನ್ನ ದೊಡ್ಡ ತಕರಾರೂ ಅದೇ. ಕೈಚಳಕ ಇರುತ್ತದೆ, ಅಡಿಟಿಪ್ಪಣಿ ಇರುವುದಿಲ್ಲ.

ಬೀಟಲ್ಸರ ವಿಷಯದಲ್ಲಿ ಈ ಓಲೆಗರಿಯ ಹೋಲಿಕೆ ಅಕ್ಷರಶಃ ಹೊಂದುತ್ತದೆ. ಅವರ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳು 1963ರ ಫೆಬ್ರುವರಿ 11ರ ಒಂದೇ ದಿನದಲ್ಲಿ, ಎರಡು ಟ್ರ್ಯಾಕಿನ ಟೇಪಿನ ಮೇಲೆ ಮುದ್ರಣಗೊಂಡವು. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಕಂಠ. ಎರಡನ್ನೂ ಹದವಾಗಿ ಬೆರೆಸಿ ಮೋನೋ ಮಾಡಲೆಂದು ಇದ್ದ ಆ ಏರ್ಪಾಡನ್ನೇ ಸ್ಟೀರಿಯೋ ಎಂದು ಮಾರಿದ್ದರಿಂದ ಇಂದಿಗೂ ಆ ಹಾಡುಗಳಲ್ಲಿ ವಾದ್ಯಗಳು ಒಂದು ಗೋಡೆಗೂ ಹಾಡುಗಾರರು ಎದುರು ಗೋಡೆಗೂ ಅಂಟಿಕೊಂಡು ನಿಂತಿರುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ನಾಲ್ಕು ಟ್ರ್ಯಾಕು ಬಂತು. 'ಸಾರ್ಜೆಂಟ್ ಪೆಪ್ಪರ್' ಆದದ್ದೂ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿಯೇ. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಟೇಪಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮತ್ತಷ್ಟು ನುಡಿಸುತ್ತಿದ್ದರು. ಹೀಗೆ ಇಳಿಸಿದ ಪ್ರತಿಬಾರಿಯೂ ಟೇಪಿನ ಸುಯ್ಯೆಂಬ ಸದ್ದು ಒಂದು ಪದರ ಹೆಚ್ಚುತ್ತಿತ್ತು, ಮೊದಲಿನ ಡ್ರಮ್ಮಿನ ಅಂಚು ಒಂದಿಷ್ಟು ಸವೆಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಬರುತ್ತಿರಲಿಲ್ಲ. ನಕಲಿನ ನಕಲು. ಆದರೆ ಆ ಸ್ಟುಡಿಯೋದವರು ಇಳಿಸುವುದಕ್ಕೆ ಮುಂಚಿನ ಟೇಪುಗಳನ್ನು ಎಸೆಯಲಿಲ್ಲ. ಐವತ್ತು ವರ್ಷಗಳ ಮೇಲೆ, 2017ರಲ್ಲಿ, ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್ ಮತ್ತು ಎಂಜಿನಿಯರ್ ಸ್ಯಾಮ್ ಓಕೆಲ್ ಅದೇ ಮೊದಲ ಟೇಪುಗಳಿಗೆ ಹಿಂದಿರುಗಿ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದರು. ಡ್ರಮ್ಮು ನಡುಮನೆಗೆ ಬಂದು ಕುಳಿತಿತು. ನನಗೆ ಮೆಚ್ಚುಗೆಯಾಯಿತು, ಮೇಷ್ಟ್ರಿಗೆ ಆಗಲಿಲ್ಲ. ಜೀರ್ಣೋದ್ಧಾರ ಮಾಡಿ ಗ್ರಾನೈಟ್ ಹಾಸಿದ ದೇವಸ್ಥಾನದ ಹಾಗಿದೆ ಎಂದರು.

ಮಾತೃಕೆ ಸಿಕ್ಕಿದವರು ಅದನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ನಾನು ತೋರಿಸುವ ಮಾದರಿ ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್. 2009ರಿಂದ ಕಿಂಗ್ ಕ್ರಿಮ್ಸನ್ ಬ್ಯಾಂಡಿನ, ಅನಂತರ ಜೆಥ್ರೋ ಟಲ್, ಯೆಸ್ ಮುಂತಾದವರ ಆಲ್ಬಮ್ಮುಗಳನ್ನು ಮೂಲ ಟೇಪುಗಳಿಂದ ಮತ್ತೆ ಮಿಕ್ಸ್ ಮಾಡಿದ ಆತ, ಮೊದಲು ಹಳೆಯ ಮಿಕ್ಸನ್ನೇ ಆದಷ್ಟೂ ಹಾಗೆಯೇ ಮರುಕಟ್ಟಿಕೊಂಡು, ಆಮೇಲೆ ಕೊಳೆ ಒರೆಸುವ ಕೆಲಸಕ್ಕೆ ತೊಡಗುತ್ತಾನೆ. ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ಸ್ಟೂಜಸ್ ಬ್ಯಾಂಡಿನ 1973ರ 'ರಾ ಪವರ್' ಆಲ್ಬಮ್ಮಿನ ಡೇವಿಡ್ ಬೋವಿ ಮಾಡಿದ ಮಿಕ್ಸು ತೆಳುವಾಯಿತೆಂದು ಅಭಿಮಾನಿಗಳು ಎರಡು ದಶಕ ಗೊಣಗಿದ ಮೇಲೆ, ಹಾಡುಗಾರ ಇಗ್ಗಿ ಪಾಪ್ 1997ರಲ್ಲಿ ತಾನೇ ಕುಳಿತು ಮತ್ತೆ ಮಿಕ್ಸ್ ಮಾಡಿದ. ಮೀಟರಿನ ಮುಳ್ಳು ಕೆಂಪಿನಿಂದ ಕೆಳಗಿಳಿಯದಂತೆ ಮಾಡಿದ. ಅದನ್ನು ಕೇಳಿದ ಅಭಿಮಾನಿಗಳಲ್ಲಿ ಅನೇಕರು ಬೋವಿಯ ಮಿಕ್ಸೇ ಚೆನ್ನಾಗಿತ್ತು ಎಂದು ಹಿಂದಿರುಗಿದರು. ಕವಿಯೇ ಎದ್ದು ಬಂದು ತಿದ್ದಿದರೂ ಜನ ಒಪ್ಪುವುದಿಲ್ಲ.

ಅಭಿಮಾನಿಗಳ ಕೈಗೆ ಬಿಡಿಬಿಡಿಯಾದ ಟ್ರ್ಯಾಕುಗಳು ನಿಜವಾಗಿ ಬಂದದ್ದು ಆಟದ ಸಾಮಾನಿನ ದಾರಿಯಿಂದ. ಪ್ಲಾಸ್ಟಿಕ್ಕಿನ ಗಿಟಾರು ಹಿಡಿದು ಗುಂಡಿ ಒತ್ತುವ 'ಗಿಟಾರ್ ಹೀರೋ', 'ರಾಕ್ ಬ್ಯಾಂಡ್' ಎಂಬ ವಿಡಿಯೋ ಗೇಮುಗಳಲ್ಲಿ ಆಡುವವನು ತಪ್ಪಿದರೆ ಅವನ ವಾದ್ಯ ಮಾತ್ರ ನಿಲ್ಲಬೇಕಾದ್ದರಿಂದ, ಗಿಟಾರು, ಬೇಸು, ಡ್ರಮ್ಮು, ಕಂಠಗಳನ್ನು ಬೇರೆಬೇರೆಯಾಗಿಯೇ ತುಂಬಬೇಕಾಗಿತ್ತು. ಜನ ಡಿಸ್ಕನ್ನು ಬಿಚ್ಚಿ ಅವನ್ನು ಹೊರಗೆಳೆದರು. ಮೆಟಾಲಿಕಾದವರ 2008ರ ಆಲ್ಬಮ್ಮು ಮಿತಿಮೀರಿದ ಗಟ್ಟಿ ಧ್ವನಿಯಿಂದ ಹರಿದ ಸ್ಪೀಕರಿನಂತೆ ಕೇಳುತ್ತಿದ್ದಾಗ, ಅದೇ ಹಾಡುಗಳು ಗೇಮಿನಲ್ಲಿ ಉಸಿರಾಡುತ್ತಿರುವುದನ್ನು ಪತ್ತೆಮಾಡಿದವರು ಅಭಿಮಾನಿಗಳೇ. ಅದೇ ಬ್ಯಾಂಡಿನ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನ ಕಥೆ ಇನ್ನೂ ವಿಚಿತ್ರ. ಅದರಲ್ಲಿ ಬೇಸ್ ಗಿಟಾರು ಕೇಳುವುದೇ ಇಲ್ಲ. ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನ ಬಸ್ಸು ಅಪಘಾತದಲ್ಲಿ ತೀರಿಹೋಗಿ, ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದಿದ್ದ. ಬೇಸನ್ನು ಇಳಿಸು ಎಂದು ಬ್ಯಾಂಡಿನವರೇ ಹೇಳಿದರೆಂದು ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಆಮೇಲೆ ಹೇಳಿದ್ದಾನೆ. ಗೇಮಿನಿಂದ ಬಿಡಿ ಟ್ರ್ಯಾಕು ಸಿಕ್ಕಿದೊಡನೆ ಬೇಸನ್ನು ಎತ್ತಿ ಕೂರಿಸಿದ, ಜೇಸನ್ನನ ಹೆಸರಿಗೆ ಅರ್ಪಿಸಿದ ಎಷ್ಟೋ ಪಾಠಾಂತರಗಳು ಹುಟ್ಟಿಕೊಂಡವು.

ನಾನೂ ಮೂರು ರಾತ್ರಿ ಆ ಕೆಲಸ ಮಾಡಿದೆ. ಮನೆಯವರು ಮಲಗಿದ ಮೇಲೆ ಹೆಡ್‌ಫೋನು ಹಾಕಿಕೊಂಡು, ಬೇಸಿನ ಗುಬ್ಬಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರಿಸುತ್ತ ಹೋದೆ. ಮೊದಲ ರಾತ್ರಿ ಅನ್ಯಾಯವೊಂದನ್ನು ಸರಿಪಡಿಸುತ್ತಿರುವ ನ್ಯಾಯಾಧೀಶನ ಹಮ್ಮು ಇತ್ತು. ಎರಡನೆಯ ರಾತ್ರಿ ಏನೋ ಸರಿಯಿಲ್ಲ ಎನಿಸತೊಡಗಿತು; ಬೇಸು ಬಹಳ ಕಡೆ ಗಿಟಾರು ನುಡಿಸಿದ್ದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತಿದ್ದುದರಿಂದ, ಅದನ್ನು ಎತ್ತಿದಷ್ಟೂ ಗಿಟಾರಿನ ಒಣ ಕತ್ತಿಯಂಥ ಅಲಗು ಮೊಂಡಾಗುತ್ತಿತ್ತು. ಮೂರನೆಯ ರಾತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ನನ್ನದು ತುಂಬಿಕೊಂಡಿತ್ತು, ಹೊಟ್ಟೆತುಂಬ ಉಂಡವನ ಹಾಗೆ. ಅವರದು ಹಸಿದಿತ್ತು. ಭಾನುವಾರ ಧಾರವಾಡದವನಿಗೆ ಕೇಳಿಸಿದರೆ, "ನೀ ಮಾಡಿದ್ದು ಛಲೋನ ಐತಿ, ಖರೆ ಈ ಹಾಡು ಸಿಟ್ಟಿನ್ಯಾಗ ಹುಟ್ಟಿದ್ದು, ನೀ ಅದಕ್ಕ ಊಟಾ ಮಾಡಿಸಿ ಮಲಗಿಸೀಯಲ್ಲೋ" ಎಂದ. ಅವನ ಮಾತನ್ನು ನಾನು ಪೂರ್ತಿ ಒಪ್ಪಿದೆನೆಂದಲ್ಲ. ಜೇಸನ್ ನ್ಯೂಸ್ಟೆಡ್‌ನಿಗೆ ಆದದ್ದು ಅನ್ಯಾಯವೇ. ಆದರೆ ಆ ಅನ್ಯಾಯವೂ ಈಗ ಆ ಧ್ವನಿಯ ಭಾಗವಾಗಿಬಿಟ್ಟಿದೆ. ಫೈಲನ್ನು ಅಳಿಸಲಿಲ್ಲ, ಅಡಿಟಿಪ್ಪಣಿಯಂತೆ ಇಟ್ಟುಕೊಂಡಿದ್ದೇನೆ.

2019ರ ನವೆಂಬರಿನಲ್ಲಿ ಫ್ರಾನ್ಸಿನ ಡೀಜರ್ ಕಂಪನಿಯವರು ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟ ಮೇಲೆ ಮಾತೃಕೆಯ ಹಂಗೇ ಇಲ್ಲದಂತಾಯಿತು. ಧ್ವನಿಯನ್ನು ಚಿತ್ರವಾಗಿ ಹರಡಿದರೆ, ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ, ಬಣ್ಣದ ದಟ್ಟತನಕ್ಕೆ ಗಟ್ಟಿತನ ಎಂದು ಒಂದು ನಕ್ಷೆ ಸಿಗುತ್ತದೆ. ಸಾವಿರಾರು ಹಾಡುಗಳ ಬಿಡಿ ಟ್ರ್ಯಾಕುಗಳನ್ನು ನೋಡಿ ಪಳಗಿದ ಯಂತ್ರ, ಆ ನಕ್ಷೆಯ ಪ್ರತಿಯೊಂದು ಚುಕ್ಕೆಯಲ್ಲೂ ಕಂಠದ ಪಾಲೆಷ್ಟು, ಡ್ರಮ್ಮಿನ ಪಾಲೆಷ್ಟು ಎಂದು ಅಂದಾಜು ಮಾಡಿ, ಸೆರಗಿಗೆ ಅಚ್ಚು ಒತ್ತುವವರು ಬೇಡದ ಜಾಗವನ್ನು ಮುಚ್ಚಿಡುವಂತೆ ಉಳಿದದ್ದನ್ನು ಮುಚ್ಚುತ್ತದೆ. ಇದೇ ಜಾತಿಯ ಇನ್ನೂ ಸೂಕ್ಷ್ಮವಾದ ವಿದ್ಯೆಯನ್ನು ಚಿತ್ರನಿರ್ದೇಶಕ ಪೀಟರ್ ಜಾಕ್ಸನ್‌ನ ತಂಡ ಬೆಳೆಸಿತು. ಬೀಟಲ್ಸರ 1966ರ 'ರಿವಾಲ್ವರ್' ಆಲ್ಬಮ್ಮಿನ 'ಟ್ಯಾಕ್ಸ್‌ಮನ್' ಹಾಡಿನಲ್ಲಿ ಒಂದೇ ಟ್ರ್ಯಾಕಿನಲ್ಲಿ ಬೆಸೆದುಕೊಂಡಿದ್ದ ಗಿಟಾರು, ಬೇಸು, ಡ್ರಮ್ಮುಗಳನ್ನು ಅದರಿಂದಲೇ ಬಿಡಿಸಿ 2022ರಲ್ಲಿ ಮತ್ತೆ ಮಿಕ್ಸ್ ಮಾಡಿದರು. ಜಾನ್ ಲೆನನ್ ಮನೆಯಲ್ಲಿ ಪಿಯಾನೋ ನುಡಿಸುತ್ತ ಹಾಡಿಕೊಂಡ ಕ್ಯಾಸೆಟ್ಟಿನಿಂದ ಅವನ ಕಂಠವನ್ನು ಎತ್ತಿ ತೆಗೆದು 2023ರ ನವೆಂಬರಿನಲ್ಲಿ 'ನೌ ಆ್ಯಂಡ್ ದೆನ್' ಎಂದು ಹೊರತಂದದ್ದೂ ಇದೇ ವಿದ್ಯೆಯಿಂದ.

ನಮ್ಮ ಸಾಫ್ಟ್‌ವೇರ್ ಹುಡುಗ ಸ್ಪ್ಲೀಟರನ್ನೂ ಅನಂತರ ಡೆಮುಕ್ಸ್ ಎಂಬುದನ್ನೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಹಾಡನ್ನು ಒಳಗೆ ಹಾಕಿದರೆ ನಾಲ್ಕು ಭಾಗ ಹೊರಗೆ ಬರುತ್ತವೆ: ಕಂಠ, ಡ್ರಮ್ಮು, ಬೇಸು, ಮತ್ತು ಇತರೆ. ಡೆಮುಕ್ಸಿನಂಥವನ್ನು ಪಳಗಿಸಲು ಬಳಸುವ ಮ್ಯೂಸ್‌ಡಿಬಿ18 ಎಂಬ ಸಂಗ್ರಹದ 150 ಹಾಡುಗಳನ್ನೂ ಹೀಗೆಯೇ ನಾಲ್ಕಾಗಿ ವಿಂಗಡಿಸಿದ್ದಾರೆ. ಪ್ರಪಂಚದಲ್ಲಿ ಈ ಮೂರಲ್ಲದೆ ಇರುವ ಸಕಲವೂ, ಸರೋದಿನಿಂದ ಹಿಡಿದು ಚೆಂಡೆಯವರೆಗೆ, "ಇತರೆ" ಎಂಬ ಒಂದು ಚೀಲಕ್ಕೆ ಬೀಳಬೇಕು, ಇಲ್ಲವೇ ಯಂತ್ರ ಅದನ್ನು ಮೂರರಲ್ಲಿ ಯಾವುದೋ ಒಂದೆಂದು ತಪ್ಪಾಗಿ ತಿಳಿಯಬೇಕು. ಮುಂಬಯಿಯಲ್ಲಿ ಅರ್ಜಿ ತುಂಬುವಾಗ ಮಾತೃಭಾಷೆಯ ಸಾಲಿನಲ್ಲಿ ಮರಾಠಿ, ಹಿಂದಿ, ಗುಜರಾತಿಗಳ ಚೌಕಗಳಾದ ಮೇಲೆ ಕೊನೆಗೆ ಉಳಿಯುವ "ಇತರೆ"ಯಲ್ಲಿ ಟಿಕ್ ಮಾಡಿ ಮಾಡಿ ಅಭ್ಯಾಸವಾದ ನನಗೆ ಈ ಚೀಲದ ಮೇಲೆ ಮೊದಲಿನಿಂದಲೂ ಒಂದು ಬಗೆಯ ಅಕ್ಕರೆ ಉಂಟು.

ಆ ಅಕ್ಕರೆಯಿಂದಲೇ ನಾನು ಆರಿಸಿಕೊಂಡ ಹಾಡು 'ದ ಇನ್ನರ್ ಲೈಟ್'. ಬೀಟಲ್ಸರ ಹಾಡುಗಳಲ್ಲಿ ವಾದ್ಯಸಂಗೀತವೆಲ್ಲ ನಮ್ಮ ಊರಿನಲ್ಲಿ ಮುದ್ರಣವಾದದ್ದು ಇದೊಂದೇ. 1968ರ ಜನವರಿಯಲ್ಲಿ ಬೀಟಲ್ಸರಲ್ಲಿ ಒಬ್ಬನಾದ ಜಾರ್ಜ್ ಹ್ಯಾರಿಸನ್ 'ವಂಡರ್‌ವಾಲ್' ಚಿತ್ರದ ಸಂಗೀತಕ್ಕಾಗಿ ಬೊಂಬಾಯಿಗೆ ಬಂದು, ಫೋರ್ಟಿನ ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿದ್ದ ಎಚ್‌ಎಂವಿ ಧ್ವನಿಮುದ್ರಣ ಕಂಪನಿಯ ಸ್ಟುಡಿಯೋದಲ್ಲಿ ಇಲ್ಲಿಯ ವಾದಕರನ್ನು ಕೂರಿಸಿಕೊಂಡು ಕೆಲವು ದಿನ ಕೆಲಸ ಮಾಡಿದ. ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಆಶಿಷ್ ಖಾನರ ಸರೋದು ಎಲ್ಲ ಆ ಕೆಲಸದಲ್ಲಿ ಸೇರಿದ್ದವು. ಚಿತ್ರಕ್ಕೆ ಬೇಕಾದದ್ದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಈ ಹಾಡಿನ ವಾದ್ಯಭಾಗವನ್ನು ಮುದ್ರಿಸಿಕೊಂಡು ಲಂಡನ್ನಿಗೆ ಒಯ್ದು, ಫೆಬ್ರುವರಿಯಲ್ಲಿ ಅಲ್ಲಿ ಕಂಠ ಸೇರಿಸಿದ. ಮಾರ್ಚಿನಲ್ಲಿ ಅದು 'ಲೇಡಿ ಮಡೋನಾ' ತಟ್ಟೆಯ ಹಿಂಬದಿಯಾಗಿ ಬಂತು. ಆ ಸ್ಟುಡಿಯೋವನ್ನು ಹ್ಯಾರಿಸನ್ ಆಮೇಲೆ ನೆನೆಸಿಕೊಂಡ ರೀತಿ ಸೊಗಸಾಗಿದೆ. ಕಚೇರಿಗಳ ಮೇಲಿನ ಮಹಡಿಯಲ್ಲಿದ್ದ ಅದಕ್ಕೆ ಹೊರಗಿನ ಸದ್ದು ತಡೆಯುವ ಏರ್ಪಾಡೇ ಇರಲಿಲ್ಲವಂತೆ. ಗಮನವಿಟ್ಟು ಕೇಳಿದರೆ ಕೆಲವು ತುಣುಕುಗಳಲ್ಲಿ ಟ್ಯಾಕ್ಸಿಗಳು ಹಾದುಹೋಗುವುದು ಕೇಳುತ್ತದಂತೆ. ಸಂಜೆ ಐದೂವರೆಗೆ ಕಚೇರಿ ಬಿಟ್ಟು ಜನ ದಡದಡನೆ ಮೆಟ್ಟಿಲಿಳಿಯುವಾಗ ಮುದ್ರಣವನ್ನೇ ನಿಲ್ಲಿಸಬೇಕಾಗುತ್ತಿತ್ತಂತೆ. ಸಾಗರದಾಚೆ ಅದೇ ಕಂಪನಿಯ ಲಂಡನ್ ಸ್ಟುಡಿಯೋದಲ್ಲಿ ಒಂದು ಕೆಮ್ಮನ್ನೂ ಒಳಗೆ ಬಿಡದವರ ಟೇಪಿನೊಳಕ್ಕೆ ನಮ್ಮ ಟ್ಯಾಕ್ಸಿಯವನು ಮೀಟರು ಹಾಕಿಕೊಂಡು ನುಗ್ಗಿದ್ದಾನೆ.

ಹಾಡನ್ನು ಯಂತ್ರಕ್ಕೆ ಕೊಟ್ಟೆ. ನಾಲ್ಕು ನಿಮಿಷ ಫ್ಯಾನು ಬುಸುಗುಟ್ಟಿ ನಾಲ್ಕು ಫೈಲು ಬಂದವು. ಮೊದಲು ಕಂಠವನ್ನು ತೆರೆದೆ. ಹ್ಯಾರಿಸನ್ ಹಾಡುವ ಕಡೆ ಹ್ಯಾರಿಸನ್ ಇದ್ದ; ಅವನು ಬಾಯಿ ಮುಚ್ಚಿಕೊಂಡಿರುವ ಕಡೆ ಶಹನಾಯಿ ಹಾಡುತ್ತಿತ್ತು. ಅರ್ಧ ಶಹನಾಯಿ, ನೀರಿನೊಳಗೆ ಮುಳುಗಿ ಎದ್ದಂತೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಜಾಗದಲ್ಲಿ ಕಂಠವಾಗಿಯೂ ನಿಂತ ಸ್ವರದಲ್ಲಿ "ಇತರೆ"ಯಾಗಿಯೂ ಹರಿದು ಹಂಚಿಹೋಗಿತ್ತು. ಮೃದಂಗದಂಥ ಪಖಾವಜಿನ ಬಲಗೈ ಡ್ರಮ್ಮಿಗೆ ಹೋಗಿ, ಎಡಗೈಯ ಗುಮುಕು ಬೇಸ್ ಗಿಟಾರಿನ ಪಾಲಾಗಿತ್ತು. ಒಬ್ಬ ಮನುಷ್ಯನ ಎರಡು ಕೈಗಳನ್ನು ಬೇರೆಬೇರೆ ಮನೆಗೆ ದತ್ತು ಕೊಟ್ಟ ಹಾಗೆ. ನಾನು ನಕ್ಕೆ, ಆದರೆ ತಪ್ಪನ್ನು ಪೂರ್ತಿಯಾಗಿ ಯಂತ್ರದ ಮೇಲೆ ಹೊರಿಸಲಾಗಲಿಲ್ಲ. ಶಹನಾಯಿ ಹಾಡುತ್ತದೆ ಎಂದು ನಾವೇ ಹೇಳುತ್ತೇವೆ. ಹಾಡಿದಂತೆ ನುಡಿಸುವುದೇ ಅದರ ಹೆಗ್ಗಳಿಕೆ ಎಂದು ಹೊಗಳುತ್ತೇವೆ. ಯಂತ್ರ ಪಾಪ, ನಂಬಿತು. ಇದೇ ಹಾಡಿನ ಕಂಠವಿಲ್ಲದ, ಬೇರೊಂದು ಬಾರಿ ನುಡಿಸಿದ ವಾದ್ಯರೂಪ 2014ರಲ್ಲಿ 'ವಂಡರ್‌ವಾಲ್ ಮ್ಯೂಸಿಕ್' ಆಲ್ಬಮ್ಮಿನ ಜೊತೆಗೆ ಅಧಿಕೃತವಾಗಿಯೇ ಬಂದಿರುವುದರಿಂದ, ಅದನ್ನು ಉತ್ತರಪತ್ರಿಕೆಯಂತೆ ಪಕ್ಕದಲ್ಲಿಟ್ಟುಕೊಂಡು, ಶಹನಾಯಿಯ ಚೂರುಗಳನ್ನು ಒಂದೊಂದಾಗಿ ಕಂಠದಿಂದ ಕತ್ತರಿಸಿ "ಇತರೆ"ಗೆ ಹೊಲಿದೆ. ಎರಡು ವಾರ ಹಿಡಿಯಿತು.

ಕೊನೆಗೆ ಉಳಿದದ್ದು ಕೆಳಗಿನ ಗೊಜಗೊಜ. ವಾದ್ಯಗಳು ತಗ್ಗುವ ಸಂದುಗಳಲ್ಲಿ ಟೇಪಿನ ಸುಯ್ಯೆಂಬ ಸದ್ದಿನ ಜೊತೆ ಇನ್ನೇನೋ ಒಂದು, ದೂರದ್ದು, ಏರಿ ಇಳಿಯುವಂಥದ್ದು ಇದ್ದಂತೆ ನನಗೆ ಕೇಳುತ್ತಿತ್ತು. ಟ್ಯಾಕ್ಸಿಯೇ? ಹ್ಯಾರಿಸನ್ ಹೇಳಿದ್ದನ್ನು ಓದಿರದಿದ್ದರೆ ಕೇಳುತ್ತಿತ್ತೇ? ಧಾರವಾಡದವನು ಅದು ಟೇಪು ಸವೆದ ಸದ್ದು ಎಂದ; ಹುಡುಗ ಅದು ತಂತ್ರಾಂಶದ ಕಸ, ಒಂದು ಗುಂಡಿ ಒತ್ತಿದರೆ ಹೋಗುತ್ತದೆ ಎಂದು ಒತ್ತಿಯೇಬಿಟ್ಟ. ಹೋಯಿತು. ಸರೋದು ಕಪ್ಪು ಗೋಡೆಯೆದುರು ಇಟ್ಟ ಒಡವೆಯಂತೆ ಹೊಳೆಯಿತು, ಅದು ಬೊಂಬಾಯಿಯಲ್ಲಿ ನುಡಿಸಿದ್ದೋ ಚಂದ್ರನ ಮೇಲೋ ಹೇಳಲು ಬರುವಂತಿರಲಿಲ್ಲ. ಮೇಷ್ಟ್ರು ಏನೂ ಹೇಳದೆ ಕಾಫಿ ಕುಡಿದರು.

ನನ್ನ ಸೋದರಮಾವ 1961ರಲ್ಲಿ ಹದಿನೈದರ ಹುಡುಗನಾಗಿ ಕುಂದಾಪುರದಿಂದ ಹಡಗು ಹತ್ತಿ ಬಂದು, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತು ನಿವೃತ್ತರಾದವರು. ಫಿರೋಜ್‌ಶಾ ಮೆಹ್ತಾ ರಸ್ತೆ ಅವರ ಹೋಟೆಲಿನಿಂದ ಕೂಗಳತೆ. ಈಗ ನಮ್ಮ ಮನೆಯ ಹತ್ತಿರವೇ ಇದ್ದಾರೆ. ಒಂದು ಸಂಜೆ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, ಗುಂಡಿ ಒತ್ತುವುದಕ್ಕೆ ಮುಂಚಿನ ಫೈಲಿನ ಆ ಸಂದುಗಳನ್ನು ಮಾತ್ರ ಒಟ್ಟುಗೂಡಿಸಿ ಕೇಳಿಸಿದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿದರು.

"ಇದ್ ಟ್ಯಾಕ್ಸಿ ಅಲ್ದಾ ಮಾಣಿ. ಟ್ರಾಮು."

"ಮಾವ, ಟ್ರಾಮು ನಿಂತದ್ದು 64ರಲ್ಲಿ. ಇದು 68ರದ್ದು."

"ಹೌದಾ? ನಂಗೆ ಟ್ರಾಮೇ ಕೇಂಡದ್ದ್" ಎಂದು ಹೆಡ್‌ಫೋನು ತೆಗೆದರು. ಬೋರಿಬಂದರಿನಿಂದ ದಾದರಿಗೆ ಹೋಗುತ್ತಿದ್ದ ಕೊನೆಯ ಟ್ರಾಮನ್ನು ನೋಡಲು 1964ರ ಮಾರ್ಚ್ 31ರ ರಾತ್ರಿ ಸೇರಿದ್ದ ಜನಜಂಗುಳಿಯಲ್ಲಿ ತಾವೂ ಇದ್ದುದನ್ನು ಹೇಳಿದರು. ಅವರ ಕಿವಿಯೊಳಗೆ ಅದು ನಿಂತೇ ಇಲ್ಲ. ಎಲ್ಲ ಸದ್ದಿನ ಕೆಳಗೂ ಒಂದು ಟ್ರ್ಯಾಕಿನಲ್ಲಿ ಓಡುತ್ತಲೇ ಇದೆ. ಐದೂವರೆಗೆ ಮುದ್ರಣ ನಿಲ್ಲಿಸುತ್ತಿದ್ದರಂತೆ ಎಂದು ನಾನು ಹ್ಯಾರಿಸನ್‌ನ ಮಾತನ್ನು ಹೇಳಿದಾಗ ಮಾತ್ರ ಅವರು ಜೋರಾಗಿ ನಕ್ಕರು. "ಅವ್ರಿಗೆ ನಿಲ್ತಿತ್ತ್, ನಮಗೆ ಶುರು ಆತಿತ್ತ್ ಮಾರಾಯ. ಮೆಟ್ಲಿಳ್ದವ್ರೆಲ್ಲ ವಿ.ಟಿ.ಗೆ ಹೋಪುಕ್ ಮುಂಚೆ ನಮ್ಮಲ್ಲಿಗೇ ಬರುದಲ್ದಾ? ಉಸಿರು ಬಿಡುಕೂ ಪುರ್ಸೊತ್ತಿಲ್ಲ."

1972ರಲ್ಲಿ ಲೆಡ್ ಜೆಪ್ಪೆಲಿನ್ನಿನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಕೂಡ ಬೊಂಬಾಯಿಗೆ ಬಂದು ಇಲ್ಲಿಯ ವಾದಕರೊಂದಿಗೆ ತಮ್ಮ ಎರಡು ಹಾಡುಗಳನ್ನು ಮತ್ತೆ ನುಡಿಸಿ ಮುದ್ರಿಸಿಕೊಂಡು ಹೋಗಿದ್ದರು. ನಲವತ್ತು ವರ್ಷಕ್ಕೂ ಮೀರಿ ಅದು ಅಭಿಮಾನಿಗಳ ಕೈಯಿಂದ ಕೈಗೆ ನಕಲಿನ ನಕಲಾಗಿ ಓಡಾಡುತ್ತಿದ್ದು, ಅಧಿಕೃತವಾಗಿ ಬೆಳಕು ಕಂಡದ್ದು 2015ರಲ್ಲಿ. ಅದನ್ನೂ ಮಾವನಿಗೆ ಕೇಳಿಸಬೇಕೆಂದು ಇಟ್ಟುಕೊಂಡಿದ್ದೇನೆ.

ಆ ರಾತ್ರಿ ಕುಳಿತು, ಹುಡುಗ ಒತ್ತಿದ ಗುಂಡಿಯನ್ನು ಹಿಂದಕ್ಕೆ ತೆಗೆದು, ಗೊಜಗೊಜವನ್ನು ಅದರ ಜಾಗಕ್ಕೆ ಮರಳಿ ಬಿಟ್ಟೆ. ಫೈಲಿನ ಜೊತೆಗೆ ಒಂದು ಪುಟ ಟಿಪ್ಪಣಿ ಬರೆದೆ: ಶಹನಾಯಿಯನ್ನು ಎಲ್ಲೆಲ್ಲಿ ಹೊಲಿದೆ, ಪಖಾವಜಿನ ಎಡಗೈಯನ್ನು ಎಷ್ಟು ಏರಿಸಿದೆ, ಕಂಠವನ್ನು ಎಷ್ಟು ಇಳಿಸಿದೆ ಎಂದು, ನಿಮಿಷ ಸೆಕೆಂಡುಗಳ ಸಮೇತ. ಸಂದುಗಳಲ್ಲಿ ಉಳಿಸಿದ ಸದ್ದಿಗೆ ಒಂದು ಹೆಸರು ಬೇಕಾಯಿತು. ಹ್ಯಾರಿಸನ್‌ನ ಪ್ರಕಾರ ಟ್ಯಾಕ್ಸಿ, ಧಾರವಾಡದ ಪ್ರತಿಯಲ್ಲಿ ಟೇಪಿನ ಸವೆತ, ಮಾವನ ಪಾಠ ಟ್ರಾಮು ಎಂದು ಬರೆದು, ಮೂರನ್ನೂ ಹಾಗೆಯೇ ಬಿಟ್ಟೆ.